ಉಸಿರು ಕೇಳಿಸದ ಐವತ್ತಮೂರು ಬೆಳಗುಗಳು

ಆಡಿಯೊ ಪ್ರೊಸೆಸರ್ ಆರಿಸುವ ಕೆಲಸ ನನ್ನ ಪಾಲಿಗೆ ಬಂದದ್ದು, ನಾನು ಎಲ್ಲವನ್ನೂ ಬರೆದಿಡುತ್ತೇನೆ ಎಂಬ ಒಂದೇ ಕಾರಣಕ್ಕೆ. ಅತ್ತಾವರದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿರುವ ನಮ್ಮ ಸಣ್ಣ ಎಫ್‌ಎಂ ಕೇಂದ್ರದಲ್ಲಿ ನಾವಿರುವುದು ನಾಲ್ವರು. ಧ್ವನಿಯ ಕೆಲಸ ನನ್ನದು. ಅಂದರೆ ಮೈಕು, ವೈರು, ಕಂಪ್ಯೂಟರ್, ಜತೆಗೆ ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಡುವುದು. ನನ್ನ ಹತ್ತಿರ ಇನ್ನೂರು ಪುಟದ ಗೆರೆಯ ಪುಸ್ತಕವಿದೆ. ಯಾವ ಮೈಕ್ ಯಾವ ದಿನ ಕೆಟ್ಟಿತು, ವಾರದಲ್ಲಿ ಎಷ್ಟು ಸಲ ಕರೆಂಟ್ ಹೋಯಿತು, ಕೆಳಗಿನಿಂದ ಮೇಲಿನವರೆಗೆ ಮೆಟ್ಟಿಲು ಎಷ್ಟು ಎಂಬುದೆಲ್ಲ ಅದರಲ್ಲಿದೆ. ಮೆಟ್ಟಿಲು ನಲವತ್ತನಾಲ್ಕು. ಲಿಫ್ಟ್ ಇಲ್ಲ.

ಸ್ಟುಡಿಯೊದಿಂದ ಹೊರಟ ಧ್ವನಿ ಟ್ರಾನ್ಸ್‌ಮಿಟರಿಗೆ ಹೋಗುವ ಮೊದಲು ಈ ಪ್ರೊಸೆಸರ್ ಎಂಬ ಪೆಟ್ಟಿಗೆಯನ್ನು ಹಾದು ಹೋಗುತ್ತದೆ. ಅದು ಜೋರಾದದ್ದನ್ನು ತಗ್ಗಿಸುತ್ತದೆ, ಮೆಲ್ಲಗಿನದ್ದನ್ನು ಎತ್ತುತ್ತದೆ. ಚೆಂಡೆ ಬಾರಿಸಿದರೂ ಅಜ್ಜಿಯೊಬ್ಬರು ಪಿಸುಗುಟ್ಟಿದರೂ ಮನೆಯ ರೇಡಿಯೊದಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೇಳಬೇಕು, ಅದು ಅದರ ಕೆಲಸ. ನಮ್ಮ ಹಳೆಯ ಪೆಟ್ಟಿಗೆ ಹಿಂದಿನ ಮಳೆಗಾಲದ ಸಿಡಿಲಿಗೆ ಅರ್ಧ ಸತ್ತಿತ್ತು. ಧ್ವನಿ ಹೋಗುತ್ತಿತ್ತು, ಆದರೆ ಹೇಗೆ ಬಂತೋ ಹಾಗೇ ಹೋಗುತ್ತಿತ್ತು.

ನಮ್ಮ ಕೇಂದ್ರದ ಮುಖ್ಯಸ್ಥರನ್ನು ನಾವೆಲ್ಲ ಸರ್ ಎನ್ನುತ್ತೇವೆ. ಏಪ್ರಿಲ್ ಮೊದಲ ವಾರ, ಕಾರು ರಿಪೇರಿಗೆ ಹೋಗಿದ್ದ ದಿನ, ಅವರು ಬಸ್ಸಿಳಿದು ಬೆವರಿಕೊಂಡೇ ಮೇಲೆ ಬಂದರು.

"ಬಸ್ಸಲ್ಲಿ ನಮ್ಮ ಸ್ಟೇಷನ್ ಬಂದ ಕೂಡ್ಲೇ ಡ್ರೈವರ್ ತಿರುಗಿಸ್ತಾನೆ ಮಾರಾಯ್ತಿ. ವಾಲ್ಯೂಮ್ ಅಲ್ಲ, ಸ್ಟೇಷನ್ನನ್ನೇ. ಎಂತ ಕೇಳುದೇ ಇಲ್ಲ ಅಂತಾನೆ. ಒಂದು ಪೆಟ್ಟಿಗೆ ನೋಡು. ನಾಲ್ಕು ವಾರ ಟೈಮ್ ಉಂಟು ನಿನಗೆ."

ನಾನು ಹೊಸ ಪುಟ ತೆಗೆದು ಮೂರು ಗೆರೆ ಎಳೆದೆ. ಒಂದನೆಯದು, ಬೆಂಗಳೂರಿನ ಮಾರಾಟಗಾರರು ಹತ್ತು ದಿನಕ್ಕೆ ಪರೀಕ್ಷೆಗೆಂದು ಕಳಿಸಿದ ಹೊಸ ಪೆಟ್ಟಿಗೆ. ಎರಡನೆಯದು ಕಂಪ್ಯೂಟರಿನಲ್ಲೇ ಹಾಕಿಕೊಳ್ಳುವ ಸಾಫ್ಟ್‌ವೇರ್. ಮೂರನೆಯದು ದೊಡ್ಡ ಕೇಂದ್ರವೊಂದು ಬಳಸಿ ಬಿಟ್ಟ ಹಳೆಯ ಪೆಟ್ಟಿಗೆ. ಅದರ ಮುಖಕ್ಕೆ ತುಕ್ಕು ಹತ್ತಿತ್ತು, ಗುಂಡಿಗಳು ದೊಡ್ಡವು. ಮೂರಕ್ಕೂ ಒಂದೇ ಪರೀಕ್ಷೆ. ಹತ್ತು ತುಣುಕುಗಳನ್ನು ಹಾಕಿ, ಅಡುಗೆಮನೆಯ ರೇಡಿಯೊ, ಮೊಬೈಲು, ಸರ್ ಅವರ ಕಾರು, ಈ ಮೂರರಲ್ಲಿ ಕೇಳಿ ಬರೆಯುವುದು. ಚೆಂಡೆ ಒಂದು, ಕೊಳಲು ಒಂದು, ಫೋನಿನಲ್ಲಿ ಮಾತಾಡುವ ಕೇಳುಗರದು ಎರಡು. ಎಲ್ಲಕ್ಕಿಂತ ಮೆಲ್ಲಗಿನ ಧ್ವನಿ ಬೇಕಾಗಿತ್ತು. ಅದಕ್ಕೆ ಟೀಚರ್ ಅವರ ಧ್ವನಿ ಆರಿಸಿದೆ.

ಟೀಚರ್ ಎಂದರೆ ನಮ್ಮ ಬೆಳಗಿನ ಏಳು ಗಂಟೆ. ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಜೆಪ್ಪುವಿನಲ್ಲಿ ಒಂದು ಮನೆಯ ಮಾಳಿಗೆಯಲ್ಲಿ ಬಾಡಿಗೆಗೆ ಇದ್ದರು. ಸೋಮವಾರದಿಂದ ಶನಿವಾರದವರೆಗೆ ದಿನಾ ಹತ್ತು ನಿಮಿಷ ಅವರದು. ಎಲ್ಲಿ ಕರೆಂಟಿಲ್ಲ, ಎಲ್ಲಿ ನೀರು ಬರುವುದಿಲ್ಲ, ಯಾರ ಕೊಡೆ ಯಾವ ಬಸ್ಸಿನಲ್ಲಿ ಸಿಕ್ಕಿತು ಎಂದು ಓದುತ್ತಿದ್ದರು. ಒಮ್ಮೆ ಬಸ್ಸಿನಲ್ಲಿ ಸಿಕ್ಕಿದ ಹಲ್ಲಿನ ಸೆಟ್ಟಿನ ವಿಷಯ ಓದಿ, "ಅಡ್ಡಿಲ್ಲ, ಯಾರೂ ನಗಬೇಡಿ, ಅವರಿಗೆ ಇವತ್ತು ಮಧ್ಯಾಹ್ನ ಊಟ ಉಂಟು" ಎಂದಿದ್ದರು. ಕಾರ್ಯಕ್ರಮ ಶುರುವಾಗುವುದು ಯಾವಾಗಲೂ ಒಂದೇ ರೀತಿ. "ಎದ್ದಿದ್ದೀರಾ?" ಎಂದು ಕೇಳಿ ಸ್ವಲ್ಪ ತಡೆಯುತ್ತಿದ್ದರು. ಆಮೇಲೆ, "ನಾನಂತೂ ಎದ್ದಿದ್ದೇನೆ."

ಹೊಸ ಪೆಟ್ಟಿಗೆಯಲ್ಲಿ ಅವರ ಧ್ವನಿ ಹಾಕಿದ ದಿನ ನಾನು ಬರೆದದ್ದು: ಮಾತು ಸ್ಪಷ್ಟ, ಉಸಿರು ಮಾತಿನಷ್ಟೇ ಜೋರು. ಅದು ಆ ಪೆಟ್ಟಿಗೆಯ ತಪ್ಪಲ್ಲ. ಮಾತು ನಿಂತಾಗ ಅದು ಮೆಲ್ಲಗಿನದ್ದನ್ನು ಹುಡುಕುತ್ತದೆ, ಸಿಕ್ಕಿದ್ದು ಅವರ ಉಸಿರು, ಅದನ್ನೇ ಎತ್ತಿತು. ಸೈಕಲ್ಲಿಗೆ ಗಾಳಿ ಹೊಡೆದ ಹಾಗೆ ಕೇಳುತ್ತಿತ್ತು. ಸಾಫ್ಟ್‌ವೇರಿನಲ್ಲಿ ಮೆಲ್ಲಗಿನ ಸದ್ದನ್ನು ಮುಚ್ಚಿಬಿಡುವ ಗೇಟ್ ಎಂಬುದಿತ್ತು. ಹಾಕಿದೆ. ಉಸಿರು ಹೋಯಿತು, ಜತೆಗೆ ಮಾತಿನ ಬಾಲವೂ ಹೋಯಿತು. ಟೀಚರ್ ವಾಕ್ಯದ ಕೊನೆಯಲ್ಲಿ ಧ್ವನಿ ಇಳಿಸುತ್ತಿದ್ದರು. "ನೀರು ಬರುವುದಿಲ್ಲ" ಎಂಬುದು "ನೀರು ಬರು" ಎಂದು ನಿಂತಿತು. ಹತ್ತು ನಿಮಿಷದಲ್ಲಿ ನುಂಗಿದ ಪದಗಳು ಮೂವತ್ತೊಂದು ಎಂದು ಬರೆದಿಟ್ಟೆ.

ಹೋಲಿಕೆ ಸರಿಯಾಗಿ ಆಗಬೇಕೆಂದು ಹಳೆಯ ರೆಕಾರ್ಡಿಂಗುಗಳಿಂದಲೂ ಅವರ ಒಂದೊಂದು ನಿಮಿಷ ತೆಗೆದೆ. ನಿಮಿಷಕ್ಕೆ ಎಷ್ಟು ಉಸಿರು ಕೇಳುತ್ತದೆ ಎಂದು ಪೆನ್ಸಿಲಿನಿಂದ ಚುಕ್ಕೆ ಹಾಕುತ್ತ ಎಣಿಸಿದೆ. ಲೆಕ್ಕ ಹೊಂದಲಿಲ್ಲ. ನವೆಂಬರಿನದ್ದರಲ್ಲಿ ಹದಿನಾಲ್ಕು, ಜನವರಿಯಲ್ಲಿ ಹದಿನೆಂಟು, ಮಾರ್ಚಿನಲ್ಲಿ ಇಪ್ಪತ್ತಮೂರು. ಎಣಿಸುವುದರಲ್ಲಿ ತಪ್ಪಾಯಿತು ಎಂದುಕೊಂಡು ಮತ್ತೆ ಎಣಿಸಿದೆ. ಏಪ್ರಿಲಿನದ್ದು ಇಪ್ಪತ್ತಾರು. ಪೆಟ್ಟಿಗೆ ಯಾವುದಾದರೂ, ಅಂಕಿ ಏರುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಆರೂವರೆಗೆ ಮೆಟ್ಟಿಲ ಮೇಲೆ ನಿಂತು ಅವರು ಹತ್ತಿ ಬರುವುದನ್ನು ನೋಡಿದೆ. ನಲವತ್ತನಾಲ್ಕು ಮೆಟ್ಟಿಲಿಗೆ ನಾಲ್ಕು ಕಡೆ ನಿಂತರು. ಕೊನೆಯ ಸಲ ನಿಂತಾಗ ತಲೆಯೆತ್ತಿ ನನ್ನನ್ನು ಕಂಡರು.

"ಎಂತ, ಅದನ್ನೂ ಬರೀತಿಯಾ?"

"ಟೀಚರ್, ಡಾಕ್ಟರಿಗೆ ತೋರಿಸಿದ್ರಾ?"

"ತೋರಿಸದೆ ಉಂಟಾ? ಶ್ವಾಸಕೋಶ ಗಟ್ಟಿ ಆಗ್ತಾ ಬರ್ತದಂತೆ. ಕಾಯಿಲೆಗೆ ದೊಡ್ಡ ಹೆಸರುಂಟು ಮಾರಾಯ್ತಿ, ನಿನ್ನ ಪುಸ್ತಕದ ಒಂದು ಸಾಲಲ್ಲಿ ಹಿಡಿಯುದಿಲ್ಲ." ಕೈಗಂಬಿ ಹಿಡಿದು ನಕ್ಕರು. ನಗು ಮುಗಿಯುವಷ್ಟು ಉಸಿರಿರಲಿಲ್ಲ. "ಯಾರಿಗೂ ಹೇಳ್ಬೇಡ."

ಹೇಳುವುದಿಲ್ಲ ಎಂದೆ. ಆ ಮಾತನ್ನು ಉಳಿಸಿಕೊಂಡೆ. ನನಗೆ ಆಗ ಅದು ಸುಲಭವಾಗಿಯೇ ಕಂಡಿತು.

ಆದರೆ ಏಪ್ರಿಲ್ ಮುಗಿಯುವಷ್ಟರಲ್ಲಿ ಸರ್ ಅವರೇ ಮಾತು ತೆಗೆದರು. "ಟೀಚರನ್ನು ಕೇಳುವಾಗ ನಮಗೇ ಉಸಿರು ಕಟ್ತದೆ ಅಂತ ಎರಡು ಫೋನ್ ಬಂತು. ವಯಸ್ಸಾಯ್ತಲ್ಲ. ಜೂನಿನಿಂದ ಬೆಳಗಿನದ್ದನ್ನು ಬೇರೆಯವರಿಗೆ ಕೊಡುವ. ಬೇಜಾರು ಮಾಡದ ಹಾಗೆ ಹೇಳ್ಬೇಕು ಅಷ್ಟೆ." ಟೀಚರ್ ಆಚೆ ಕೋಣೆಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಅವರಿಗೆ ಕೇಳಿತ್ತು.

ಸರ್ ಹೋದ ಮೇಲೆ ಅವರು ಒಳಗೆ ಬಂದು ನನ್ನ ಮೇಜಿನ ಎದುರು ಕೂತರು. ಮೂರು ಪೆಟ್ಟಿಗೆಗಳ ಪಟ್ಟಿಯಿದ್ದ ಪುಟ ತೆರೆದೇ ಇತ್ತು.

"ಇದರಲ್ಲಿ ಯಾವುದಕ್ಕಾದರೂ ಆಗ್ತದಾ ಈ ಏದುಸಿರನ್ನು ಮುಚ್ಚಲಿಕ್ಕೆ?"

"ಮುಚ್ಚಬಹುದು ಟೀಚರ್, ಆದ್ರೆ..."

"ಆದ್ರೆ ಎಲ್ಲ ಪುಸ್ತಕದಲ್ಲಿ ಬರ್ಕೊ. ನನಗೆ ಆ ಹತ್ತು ನಿಮಿಷ ಬೇಕು. ಅದೂ ಇಲ್ಲಾಂದ್ರೆ ನಾನು ಬೆಳಿಗ್ಗೆ ಯಾಕೆ ಏಳ್ಬೇಕು ಹೇಳು." ಏಳುತ್ತ ಕೇಳಿದರು. "ಕುಲಶೇಖರದಲ್ಲಿ ನಮ್ಮದು ಸರಿ ಕೇಳ್ತದಾ?"

ಇದನ್ನು ಅವರು ಮೊದಲೂ ಕೇಳಿದ್ದರು. ಊರಿನ ಆ ಕಡೆ ಏರುತಗ್ಗು ಹೆಚ್ಚು, ನಮ್ಮ ಐವತ್ತು ವ್ಯಾಟಿನ ಧ್ವನಿ ಅಲ್ಲಿ ಕೆಲವು ತಿರುವುಗಳಲ್ಲಿ ಸೋಲುತ್ತದೆ. ಕೇಳುಗರ ಬಗ್ಗೆ ಅವರಿಗೆ ಕಾಳಜಿ ಎಂದುಕೊಂಡೆ. ಒಂದು ಭಾನುವಾರ ರೇಡಿಯೊ ಹಿಡಿದುಕೊಂಡು ಹೋಗಿ ಕುಲಶೇಖರದ ಆರು ಕಡೆ ನಿಂತು ಕೇಳಿ, ಐದು ಕಡೆ ಸ್ಪಷ್ಟ ಎಂದು ಬರೆದು ತಂದು ತೋರಿಸಿದೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಸರಿ ಕೇಳದ ಆ ಆರನೆಯ ಕಡೆ ಯಾವುದು ಎಂದು ಕೇಳಿದರು. ಹೇಳಿದೆ. "ಅಲ್ಲಿ ಅಲ್ಲ, ಸಾಕು" ಎಂದರು.

ಉಳಿದದ್ದು ಮೂರನೆಯ ಪೆಟ್ಟಿಗೆ. ಅದರ ಗೇಟ್ ಥಟ್ಟನೆ ಮುಚ್ಚುತ್ತಿರಲಿಲ್ಲ, ಬಾಗಿಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಒರಗಿಸಿದ ಹಾಗೆ ಇಳಿಯುತ್ತಿತ್ತು. ಒಂಬತ್ತು ದಿನ ಅದರ ಗುಂಡಿಗಳ ಮುಂದೆ ಕೂತೆ. ಪದದ ಬಾಲ ಉಳಿಯಬೇಕು, ಉಸಿರು ಹೋಗಬೇಕು. ಪೆಟ್ಟಿಗೆಯಿಂದಷ್ಟೇ ಆಗುವುದಿಲ್ಲವೆಂದು ತಿಳಿದ ಮೇಲೆ ಟೀಚರ್ ಓದುವ ಹಾಳೆಗಳಲ್ಲಿ ನಾನೇ ಸಣ್ಣ ಗೀಟು ಹಾಕತೊಡಗಿದೆ. ಗೀಟು ಇದ್ದಲ್ಲಿ ಮಾತ್ರ ಉಸಿರು ತೆಗೆಯಬೇಕು. ಅಲ್ಲಿ ಗೇಟ್ ಕಾದಿರುತ್ತದೆ. ಅವರು ಮಗ್ಗಿ ಕಲಿಯುವ ಮಗುವಿನ ಹಾಗೆ ಅಭ್ಯಾಸ ಮಾಡಿದರು.

"ಮೂವತ್ತೆಂಟು ವರ್ಷ ನಾನು ಮಕ್ಕಳಿಗೆ ಅಲ್ಪವಿರಾಮ ಕಲಿಸಿದ್ದೇನೆ. ಈಗ ನೀನು ನನಗೆ ಕಲಿಸ್ತಿ" ಎಂದರು.

ನುಂಗಿದ ಪದಗಳು ಮೂವತ್ತೊಂದರಿಂದ ಎಂಟಕ್ಕೆ, ಎಂಟರಿಂದ ಎರಡಕ್ಕೆ ಬಂದವು. ಕೊನೆಗೆ ಸೊನ್ನೆ. ಮೇ ಹನ್ನೊಂದು, ಸೋಮವಾರ, ಆ ಪೆಟ್ಟಿಗೆ ಪ್ರಸಾರಕ್ಕೆ ಹೋಯಿತು. ನನ್ನ ಪುಸ್ತಕದಲ್ಲಿ ಆ ದಿನದ ಸಾಲು: ಉಸಿರು ಸೊನ್ನೆ, ನುಂಗಿದ ಪದ ಸೊನ್ನೆ. ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಸಂತೋಷವಾದಾಗ ನಾನು ಹಾಗೆ ಎಳೆಯುವುದು.

ಸರ್ ಕಾರಿನಲ್ಲಿ ಕೇಳಿಕೊಂಡೇ ಬಂದರು. "ಎಂತ ಮಾರಾಯ್ತಿ, ಟೀಚರಿಗೆ ಹತ್ತು ವರ್ಷ ಕಮ್ಮಿ ಮಾಡಿದ್ದಿ! ನನಗೂ ಒಂದು ಸಣ್ಣ ಪೆಟ್ಟಿಗೆ ಹಾಕು." ಜೂನಿನ ಬದಲಾವಣೆಯ ಮಾತು ಮತ್ತೆ ಬರಲಿಲ್ಲ.

ಅಲ್ಲಿಂದ ಮುಂದೆ ಟೀಚರ್ ಐವತ್ತಮೂರು ಬೆಳಗು ಓದಿದರು. ನಡುವೆ ನಾಲ್ಕು ದಿನ ಬರಲಿಲ್ಲ, ಜ್ವರ ಎಂದರು. ಹೊರಗೆ ಕೇಳುವವರಿಗೆ ಅವರು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿದ್ದರು. ಪೆಟ್ಟಿಗೆಗೆ ಹೋಗುವ ಮೊದಲಿನ ಧ್ವನಿ ನನ್ನ ಹೆಡ್‌ಫೋನಿನಲ್ಲಿ ಕೇಳುತ್ತಿತ್ತು. ಅದನ್ನು ಎಣಿಸುವುದನ್ನು ನಾನು ಬಿಟ್ಟಿರಲಿಲ್ಲ. ಮೇ ಕೊನೆಗೆ ಇಪ್ಪತ್ತೆಂಟು. ಜೂನಿನಲ್ಲಿ ಮೂವತ್ತೊಂದು. ವಾರಕ್ಕೊಮ್ಮೆ ಗೇಟನ್ನು ಒಂದೊಂದು ಕೂದಲೆಳೆಯಷ್ಟು ಬಿಗಿ ಮಾಡುತ್ತಿದ್ದೆ. ಗೀಟುಗಳನ್ನು ಹತ್ತಿರ ಹತ್ತಿರ ಹಾಕುತ್ತಿದ್ದೆ. ಮೆಟ್ಟಿಲಲ್ಲಿ ನಿಲ್ಲುವುದು ಏಳು ಕಡೆಗೆ ಏರಿತ್ತು. ಜುಲೈಯಲ್ಲಿ ಮೊದಲ ಮಹಡಿಯಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಇಟ್ಟೆ. ಅದರಲ್ಲಿ ಕೂತು ಅವರು ಕೊಡೆ ಕೊಡವುತ್ತ, "ಇಲ್ಲಿಂದಲೇ ಓದಲಾ?" ಎಂದರು.

ಜುಲೈ ಹದಿನೈದು, ಬುಧವಾರ, ಬೆಳಿಗ್ಗೆ ಓದಿ ಮನೆಗೆ ಹೋದರು. ಮಧ್ಯಾಹ್ನ ಅವರ ಬಾಡಿಗೆ ಮನೆಯ ಯಜಮಾನರು ಅವರನ್ನು ಆಸ್ಪತ್ರೆಗೆ ತಂದರು. ಆಸ್ಪತ್ರೆ ನಮ್ಮ ಕೇಂದ್ರದಿಂದ ನಡೆದರೆ ಆರು ನಿಮಿಷ. ನಾನು ಓಡಿಕೊಂಡು ಹೋದೆ. ಸಂಜೆ ಐದೂವರೆಗೆ ಟೀಚರ್ ಹೋಗಿಬಿಟ್ಟರು.

ಗುರುವಾರ ಏಳು ಗಂಟೆಗೆ ಮೈಕಿನ ಮುಂದೆ ನಾನು ಕೂತೆ. "ಎದ್ದಿದ್ದೀರಾ" ಎಂದು ಹೇಳಲು ನನ್ನಿಂದ ಆಗಲಿಲ್ಲ. ವಿಷಯವನ್ನು ಮೂರು ವಾಕ್ಯದಲ್ಲಿ ಓದಿ, ನೀರು ಬರದ ಕಡೆಗಳನ್ನು ಓದಿ, ಮೈಕ್ ಮುಚ್ಚಿದೆ. ನಾನು ಎಷ್ಟೋ ಸಲ ಮೂಗು ಎಳೆದಿದ್ದೆ. ಆಮೇಲೆ ಸರ್ ಅವರನ್ನು ವಿಚಾರಿಸಿದೆ, ಕಾರಿನ ರೇಡಿಯೊದಲ್ಲಿ ಅವರಿಗೆ ಒಂದೂ ಕೇಳಿಸಿರಲಿಲ್ಲ. ಗೇಟ್ ತನ್ನ ಕೆಲಸ ಮಾಡಿತ್ತು.

ಜುಲೈ ಮೂವತ್ತೊಂದು, ಶುಕ್ರವಾರ, ಹನ್ನೊಂದು ಗಂಟೆಗೆ ಒಬ್ಬರು ಮೆಟ್ಟಿಲು ಹತ್ತಿ ಬಂದರು. ಅರುವತ್ತು ದಾಟಿದವರು. ಕೊಡೆಯನ್ನು ಹೊರಗೆ ಒರಗಿಸಿ, ಒಳಗೆ ಬರಲೋ ಬೇಡವೋ ಎಂಬಂತೆ ನಿಂತರು. ಹಣೆಯೂ ಮೂಗೂ ಟೀಚರ್ ಅವರದೇ.

"ನಾನು ಅವರ ತಂಗಿ. ಕುಲಶೇಖರದಲ್ಲಿರುದು."

ನಾನು ಕುರ್ಚಿ ಎಳೆದು ಕೊಟ್ಟೆ. ಟೀಚರಿಗೆ ತಂಗಿ ಇದ್ದದ್ದು ನನಗೆ ಗೊತ್ತಿರಲಿಲ್ಲ. ಅವರು ನೀರು ಕುಡಿದು, ಸುತ್ತಿ ಬಳಸದೆ ಹೇಳಿದರು. ಹನ್ನೊಂದು ವರ್ಷದ ಹಿಂದೆ ತಾಯಿಯ ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ ಎಲೆ ಹಾಕಿ ಬಡಿಸುತ್ತಿದ್ದಾಗ, ಕೊನೆಗಾಲದಲ್ಲಿ ಅಮ್ಮನನ್ನು ಯಾರು ನೋಡಿಕೊಂಡರು ಎಂದು ಇಬ್ಬರಲ್ಲಿ ಮಾತು ಬಂದಿತ್ತು. ಬಂಧುಗಳೆಲ್ಲರ ಎದುರು ಬಂದ ಮಾತು. ಅಂದಿನಿಂದ ಜೆಪ್ಪುವಿನವರು ಕುಲಶೇಖರಕ್ಕೆ ಹೋಗಲಿಲ್ಲ, ಕುಲಶೇಖರದವರು ಜೆಪ್ಪುವಿಗೆ ಬರಲಿಲ್ಲ.

"ಮೊನ್ನೆ ಅಕ್ಕನ ಬೊಜ್ಜ ನಾವೇ ಮಾಡಿದ್ದು" ಎಂದರು. "ನಾನು ಬಂದದ್ದು ಒಂದು ವಿಷಯ ಕೇಳ್ಳಿಕ್ಕೆ. ಆ ಸೋಮವಾರದಿಂದ ಅಕ್ಕ ಯಾವ ಮದ್ದು ತಕೊಂಡ್ಲು?"

"ಯಾವ ಸೋಮವಾರ?"

"ಮೇ ತಿಂಗಳಲ್ಲಿ. ದಿನಾ ಏಳು ಗಂಟೆಗೆ ರೇಡಿಯೊ ಹಾಕ್ತಿದ್ದೆ ನಾನು. ಮಾತಿಲ್ಲದಿದ್ರೆ ಎಂತಾಯ್ತು, ಧ್ವನಿ ಕೇಳ್ಬಹುದಲ್ಲ. ಚಳಿಗಾಲ ಮುಗಿಯುವಾಗಿಂದ ಅವಳ ಉಸಿರು ಸರಿ ಇರ್ಲಿಲ್ಲ. ನನಗೆ ಗೊತ್ತಾಗ್ತಿತ್ತು. ಸಾಕು ಇನ್ನು, ನಾನೇ ಸಣ್ಣವಳಾಗುವ ಅಂತ ಆ ಸೋಮವಾರ ಹೊರಟಿದ್ದೆ. ಸೀರೆ ಉಟ್ಟು ಕೂತಿದ್ದೆ. ಏಳು ಗಂಟೆದ್ದು ಕೇಳಿಯೇ ಬಸ್ಸಿಗೆ ಹೋಗುವ ಅಂತ. ರೇಡಿಯೊ ಹಾಕಿದ್ರೆ ಧ್ವನಿ ಚಿಕ್ಕ ಪ್ರಾಯದಲ್ಲಿ ಇದ್ದ ಹಾಗೆ ಉಂಟು. ಒಂದು ಏದುಸಿರಿಲ್ಲ. ಗುಣ ಆಯ್ತು ಅವಳಿಗೆ ಅಂತ ಸೀರೆ ಬಿಚ್ಚಿಟ್ಟೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಗುಣ ಆದವಳು ಅವಳೇ ಮೊದಲು ಬರ್ಲಿ ಅಂತ ಎಣಿಸಿದೆ. ಆ ಮದ್ದು ಯಾವುದು? ಅಷ್ಟು ಗುಣ ಆದದ್ದು ಮತ್ತೆ ಹೇಗೆ ಹೀಗಾಯ್ತು?"

ನನ್ನ ಪುಸ್ತಕ ಮೇಜಿನ ಮೇಲೇ ಇತ್ತು. ಮೇ ಹನ್ನೊಂದರ ಪುಟ ತೆಗೆಯಬೇಕಾಗಿರಲಿಲ್ಲ, ಆದರೂ ತೆಗೆದೆ. ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಆಮೇಲೆ ಅವರನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ತುಕ್ಕು ಹತ್ತಿದ ಆ ಪೆಟ್ಟಿಗೆ ತೋರಿಸಿ, ಅದು ಮಾಡುವುದೇನು ಎಂದು ಹೇಳಿದೆ. ಹಾಳೆಯ ಗೀಟುಗಳನ್ನೂ ಹೇಳಿದೆ. ಅಕ್ಕ ಕೇಳಿಕೊಂಡದ್ದನ್ನೂ ಹೇಳಿದೆ. ಕುಲಶೇಖರದಲ್ಲಿ ಸರಿ ಕೇಳುತ್ತದಾ ಎಂದು ಅವರು ವಿಚಾರಿಸುತ್ತಿದ್ದುದನ್ನು ಕೊನೆಗೆ ಹೇಳಿದೆ.

ಅವರು ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಅದರ ಮೇಲಿನ ಸಣ್ಣ ಹಸಿರು ದೀಪವನ್ನು ನೋಡುತ್ತ ನಿಂತಿದ್ದರು. "ಹಾಗಾದ್ರೆ ಗುಣ ಆದದ್ದಲ್ಲ" ಎಂದರು.

"ಅಲ್ಲ."

"ಮುಚ್ಚುವ ಮೊದಲಿನದ್ದು ಉಂಟಾ?"

ಇತ್ತು. ಪ್ರಸಾರವಾದದ್ದನ್ನು ಕೆಲವು ಕಾಲ ಉಳಿಸಿಡುವ ನಿಯಮವಿದೆ. ನಮ್ಮಲ್ಲಿ ಅದು ಪೆಟ್ಟಿಗೆಗೆ ಹೋಗುವ ಮೊದಲೇ ದಾಖಲಾಗುತ್ತದೆ. ಐವತ್ತಮೂರೂ ಇದ್ದವು. ಅವರ ಕಿವಿಗೆ ಹೆಡ್‌ಫೋನ್ ಹಾಕಿ, ಮೇ ಹನ್ನೊಂದರದ್ದನ್ನು ಹಾಕಿದೆ. ನನಗೆ ಕೇಳುತ್ತಿರಲಿಲ್ಲ, ಪರದೆಯ ಮೇಲೆ ಗೆರೆ ಮಾತ್ರ ಕಾಣುತ್ತಿತ್ತು. "ಎದ್ದಿದ್ದೀರಾ" ಎಂಬುದರ ಗೆರೆ ಎದ್ದು ಇಳಿಯಿತು. ಅದರ ಹಿಂದೆಯೇ ಉಸಿರಿನ ಸಣ್ಣ ದಿಬ್ಬ, ಇನ್ನೊಂದು ದಿಬ್ಬ. ಹೆಡ್‌ಫೋನ್ ಹಾಕಿಕೊಂಡವರು ಮಾತಾಡುವ ಹಾಗೆ ಸ್ವಲ್ಪ ಗಟ್ಟಿಯಾಗಿ, ತುಳುವಿನಲ್ಲಿ, ಎದ್ದಿದ್ದೇನೆ ಎಂದರು ಅವರು. ಎಷ್ಟೋ ವರ್ಷದ ಅಭ್ಯಾಸದಿಂದ ಬಂದ ಮಾತು ಅದು. ಹೇಳಿದ್ದು ಅವರಿಗೇ ಗೊತ್ತಾಗಲಿಲ್ಲ.

ಹತ್ತು ನಿಮಿಷವನ್ನೂ ಕೇಳಿದರು. ಮುಗಿದ ಮೇಲೆ ಕೊನೆಯ ದಿನದ್ದು ಕೇಳಿದರು. ಅದನ್ನು ಎರಡು ನಿಮಿಷಕ್ಕೆ ನಿಲ್ಲಿಸಿ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. ತೆರೆದಿದ್ದ ನನ್ನ ಪುಸ್ತಕದ ಕಡೆ ಕಣ್ಣು ಹೋಯಿತು.

"ಇದೆಂತ, ಹದಿನಾಲ್ಕು, ಹದಿನೆಂಟು?"

"ಒಂದು ನಿಮಿಷಕ್ಕೆ ಎಷ್ಟು ಉಸಿರು ಅಂತ."

ಅವರು ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದರು. ಇಪ್ಪತ್ತಮೂರು, ಇಪ್ಪತ್ತಾರು, ಇಪ್ಪತ್ತೆಂಟು, ಮೂವತ್ತೊಂದು. ಕೊನೆಯ ಸಾಲು ಮೂವತ್ತಾರು. ಅವರ ಅಕ್ಕನೂ ಹೀಗೆಯೇ ಬೆರಳಿಟ್ಟು ಓದುತ್ತಿದ್ದರು.

"ಎಷ್ಟು ಚಂದ ಎಣಿಸಿದ್ದಿ" ಎಂದರು. ಕೋಪ ಇರಲಿಲ್ಲ. "ಎಣಿಸಿ ಯಾರಿಗೆ ಹೇಳಿದಿ ಮಗಳೇ?"

ಯಾರಿಗೂ ಹೇಳಬೇಡ ಎಂದಿದ್ದರು ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ನಾನು ಪುಸ್ತಕ ಮುಚ್ಚಿದೆ. ಐವತ್ತಮೂರನ್ನೂ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಕರವಸ್ತ್ರದಲ್ಲಿ ಸುತ್ತಿ ರವಕೆಯೊಳಗೆ ಇಟ್ಟುಕೊಂಡು, ಕೊಡೆ ತೆಗೆದುಕೊಂಡು ಇಳಿದು ಹೋದರು. ಮೊದಲ ಮಹಡಿಯಲ್ಲಿ ಆ ಪ್ಲಾಸ್ಟಿಕ್ ಕುರ್ಚಿ ಇನ್ನೂ ಇತ್ತು. ಅದು ಅಲ್ಲಿ ಯಾಕಿದೆ ಎಂದು ಅವರಿಗೆ ಹೇಳಿರಲಿಲ್ಲ.

ಅಂದು ಮಧ್ಯಾಹ್ನ ಗೇಟಿನ ಗುಂಡಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದೆ. ಉಳಿದ ಗುಂಡಿಗಳು ಹಾಗೆಯೇ ಇವೆ, ಪೆಟ್ಟಿಗೆ ಒಳ್ಳೆಯದೇ. ಈಗ ಬೆಳಗಿನದ್ದನ್ನು ನಾನೇ ಓದುತ್ತೇನೆ. ಮೂರನೆಯ ದಿನ ಸರ್ ಬಾಗಿಲಲ್ಲಿ ನಿಂತು ಕೇಳಿದರು.

"ಎಂತದು ಮಾರಾಯ್ತಿ, ನಡುನಡುವೆ ಒಂದು ಸದ್ದು?"

"ಉಸಿರು ಸರ್. ನನ್ನದು."

"ಗೇಟ್ ಇತ್ತಲ್ಲ? ಹಾಕ್ಲಿಕ್ಕಾಗುದಿಲ್ವಾ? ಬಸ್ಸಲ್ಲಿ ಕೇಳಿದ್ರೆ ಚಂದ ಇರುದಿಲ್ಲ."

"ಬಸ್ಸಲ್ಲಿ ಕೇಳುದಿಲ್ಲ ಸರ್" ಎಂದೆ. "ಮನೆಯಲ್ಲಿ ಕೇಳ್ತದೆ."